ಪ್ರತೀಕ್ಷಾ ಕದಿಯದ ಆಲ್ಬಮ್

ಆ ಆಲ್ಬಮ್ಮನ್ನು ತೆಗೆದವನು ನಾನು. ಕುವೈತಿನ ಸಾಲ್ಮಿಯಾದ ನಮ್ಮ ಫ್ಲ್ಯಾಟಿನಲ್ಲಿ, ನನ್ನ ಮಗಳ ಕಪಾಟಿನಿಂದ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಮರುದಿನ ಬೆಳಿಗ್ಗೆ ಶರ್ಕಿನ ಆಫೀಸಿಗೆ ಒಯ್ದು ನನ್ನ ಮ್ಯಾನೇಜರರಿಗೆ ಕೊಟ್ಟೆ. ಆಮೇಲೆ ಅದನ್ನು ನೀನು ಕದ್ದೆ ಎಂದು ಎಲ್ಲರೂ ನಂಬುವಂತೆ ಮಾಡಿದೆ. ಪ್ರತೀಕ್ಷಾ, ಇನ್ನೂ ಚಿಕ್ಕ ಹುಡುಗಿಯಾಗಿದ್ದ ನಿನ್ನನ್ನು ಕಳ್ಳಿ ಮಾಡಿದವನು ನಾನು — ವಲೇರಿಯನ್, ಮೆಲಿಶಾಳ ಪಪ್ಪ, ನೀನು ಅಂಕಲ್ ಎಂದು ಕರೆಯುತ್ತಿದ್ದ ಮನುಷ್ಯ.

ಇದನ್ನು ಬರೆಯುವಾಗ ನನಗೆ ಅಳು ಬರುತ್ತಿಲ್ಲ. ಸಿಟ್ಟು ಬರುತ್ತಿದೆ. ಮೊದಲು ನನ್ನ ಮೇಲೆ, ಆಮೇಲೆ ನನ್ನ ಮಾತನ್ನು ಅಷ್ಟು ಸುಲಭವಾಗಿ ನಂಬಿದವರ ಮೇಲೆ. ಒಂದು ಮಗುವಿನ ಮಾತಿಗಿಂತ ಟೈ ಕಟ್ಟಿಕೊಂಡ ಗಂಡಸಿನ ಮಾತು ಹೆಚ್ಚು ಎಂದು ಯಾರೂ ಹೇಳಿಕೊಡದೆಯೇ ಕಲಿತಿದ್ದೆವಲ್ಲ — ಆ ಕಲಿಕೆಯ ಮೇಲೆ.

ಓದುವ ಬೇರೆಯವರಿಗೆ ಮೊದಲಿನಿಂದ ಹೇಳಬೇಕು.

ಕೊಲ್ಲಿ ಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ನಾನು ಶರ್ಕಿನ ಒಂದು ಕಂಪೆನಿಯಲ್ಲಿ ಆಡಳಿತ ವಿಭಾಗದಲ್ಲಿದ್ದೆ, ನನ್ನ ಹೆಂಡತಿ ಜೂಲಿಯಾನಾ ಆಸ್ಪತ್ರೆಯಲ್ಲಿ ನರ್ಸ್. ನಮ್ಮದು ಮಂಗಳೂರಿನ ಕೊಂಕಣಿ ಮನೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕಾಪು ಕಡೆಯ ಉಮೇಶ, ಅವನ ಹೆಂಡತಿ ಶೈಲಜಾ, ಅವರ ಒಬ್ಬಳೇ ಮಗಳು ಪ್ರತೀಕ್ಷಾ. ಉಮೇಶ ರಾಯ್ ಎಂಬ ಕಡೆಯ ಒಂದು ಕಾರ್ ವರ್ಕ್‌ಶಾಪಿನ ಮೇಲ್ವಿಚಾರಕ. ನಾವಿಬ್ಬರೂ ತುಳುವಿನಲ್ಲೇ ಮಾತಾಡುತ್ತಿದ್ದೆವು. ಊರಿನಲ್ಲಿ ತುಳುವರು ಕ್ರೈಸ್ತರನ್ನು ಕರೆಯುವ ಹಾಗೆ ಅವನೂ ನನ್ನನ್ನು ‘ಪೊರ್ಬುಗಳೇ’ ಎನ್ನುತ್ತಿದ್ದ, ಅದರಲ್ಲಿ ಸಲಿಗೆ ಇತ್ತು. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಮೇಲಕ್ಕೆ ಹೋಗುತ್ತಿತ್ತು, ಚೌತಿಯ ಮೂಡೆ ಕಡುಬು ಕೆಳಕ್ಕೆ ಬರುತ್ತಿತ್ತು.

ರಾಯ್‌ನಲ್ಲಿ ಶುಕ್ರವಾರದ ಸಂತೆ ಇದೆ. ದೇಶ ಬಿಟ್ಟು ಹೋಗುವವರ ಸೋಫಾ, ಫ್ಯಾನು, ಮಕ್ಕಳ ಸೈಕಲ್ಲು ಎಲ್ಲ ಕೊನೆಗೆ ಅಲ್ಲಿಗೇ ಬಂದು ಬೀಳುತ್ತವೆ. ಒಂದು ಶುಕ್ರವಾರ ಉಮೇಶ ಅಲ್ಲಿಂದ ಒಂದು ರಟ್ಟಿನ ಪೆಟ್ಟಿಗೆ ತಂದ. ಯಾವುದೋ ಅಮೆರಿಕನ್ ಮನೆಯದಿರಬೇಕು — ಒಳಗೆ ನೂರಾರು ಬೇಸ್‌ಬಾಲ್ ಕಾರ್ಡುಗಳು. ಇಸ್ಪೀಟಿನ ಎಲೆಗಿಂತ ಸ್ವಲ್ಪ ಅಗಲ, ಮುಂದೆ ಆಟಗಾರನ ಫೋಟೊ, ಹಿಂದೆ ಅವನ ಆಟದ ವಿವರ. ನಮಗೆ ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿಲ್ಲ. ಉಮೇಶ ತಂದದ್ದು ಚಿತ್ರ ಚೆನ್ನಾಗಿವೆ, ಮಕ್ಕಳು ಆಡಿಕೊಳ್ಳಲಿ ಎಂದು.

ಅವನ ವರ್ಕ್‌ಶಾಪಿಗೆ ಒಬ್ಬ ವಯಸ್ಸಾದ ಅಮೆರಿಕನ್ ಗಿರಾಕಿ ಬರುತ್ತಿದ್ದ. ಮಕ್ಕಳಿಬ್ಬರು ಪೆಟ್ಟಿಗೆ ಹಿಡಿದುಕೊಂಡು ಹೋಗಿ ಅವನ ಹತ್ತಿರ ಕೇಳಿದರು. ಅವನು ಆಸನದ ಮೇಲೆ ಕಾರ್ಡು ಹರಡಿ, ಗಾಡಿಯ ಕೆಲಸ ಮುಗಿಯುವವರೆಗೂ ಹೇಳಿದನಂತೆ. ತುಂಬ ದೊಡ್ಡ ಆಟಗಾರ ಆಟ ಬಿಟ್ಟ ಮೇಲೆ ಅವನ ತಂಡ ಅವನ ಅಂಗಿಯ ಸಂಖ್ಯೆಯನ್ನೂ ನಿವೃತ್ತಿ ಮಾಡುತ್ತದೆ. ಆ ತಂಡದಲ್ಲಿ ಮುಂದೆ ಯಾರೂ ಆ ಸಂಖ್ಯೆ ತೊಡುವಂತಿಲ್ಲ. ಇಂಥವನದು ನಿವೃತ್ತಿಯಾಗಿದೆ, ಇಂಥವನದು ಆಗಿಲ್ಲ ಎಂದು ಬೇರೆಬೇರೆ ಮಾಡಿ ಕೊಟ್ಟ. ಅಂದಿನಿಂದ ಈ ಇಬ್ಬರಿಗೆ ಅದೇ ಹುಚ್ಚು. ಬೇರೆ ಕಾರ್ಡುಗಳನ್ನೆಲ್ಲ ಶಾಲೆಯಲ್ಲಿ ಅಮೆರಿಕನ್, ಫಿಲಿಪಿನೊ ಮಕ್ಕಳೊಂದಿಗೆ ಬದಲಾಯಿಸಿಕೊಂಡು, ಸಂಖ್ಯೆ ನಿವೃತ್ತಿಯಾದವರನ್ನು ಮಾತ್ರ ಕೂಡಿಸಿದರು. ಆ ಗಿರಾಕಿ ಊರಿಗೆ ಹೋಗಿ ಬರುವಾಗ ಕೆಲವು ಹಳೆಯವನ್ನೂ ತಂದುಕೊಟ್ಟ. ಪಾರದರ್ಶಕ ಕಿಸೆಗಳಿರುವ ಹಾಳೆಗಳ ಒಂದು ನೀಲಿ ಆಲ್ಬಮ್ ತಯಾರಾಯಿತು. ಮೊದಲ ಹಾಳೆಯ ಒಳಮೂಲೆಯಲ್ಲಿ ಇಬ್ಬರೂ ಪೆನ್ನಿನಲ್ಲಿ ಸರದಿಯಂತೆ ಒಂದೊಂದು ಎಸಳು ಬರೆದು ಒಂದು ಹೂ ಮಾಡಿದ್ದರು. ಮೆಲಿಶಾಳಿಗೆ ಸ್ವಂತ ಕೋಣೆ ಇದ್ದುದರಿಂದ ಅದು ನಮ್ಮಲ್ಲಿರುತ್ತಿತ್ತು, ಅಷ್ಟೆ. ಅದು ಇಬ್ಬರದು — ಸರಿಯಾಗಿ ನೋಡಿದರೆ ನಿನ್ನದೇ ಹೆಚ್ಚು, ನಿನ್ನ ಅಪ್ಪ ತಂದದ್ದು.

ಒಮ್ಮೆ ಊಟದ ಮೇಜಿನಲ್ಲಿ ನೀನೇ ನನಗೆ ಇದನ್ನೆಲ್ಲ ವಿವರಿಸಿದ್ದೆ. ಆಟಗಾರ ಸತ್ತರೂ ಆ ಸಂಖ್ಯೆ ಬೇರೆಯವರಿಗೆ ಕೊಡುವುದಿಲ್ಲವಾ ಎಂದು ನಾನು ಕೇಳಿದೆ. ಸತ್ತರೂ ಇಲ್ಲ ಅಂಕಲ್, ಎಂದೆ ನೀನು. ನಮ್ಮ ಕಂಪೆನಿಯಲ್ಲಿ ನಾವು ಕೆಲಸ ಬಿಟ್ಟು ಎಕ್ಸಿಟ್ ಹೋದ ಮರುದಿನವೇ ನಮ್ಮ ನೌಕರಿಯ ನಂಬರು ಬೇರೆಯವನಿಗೆ ಎಂದು ನಾನು ನಕ್ಕೆ. ನೀನು ನಗಲಿಲ್ಲ. ಅದು ಸರಿಯಲ್ಲ ಎಂದು ಗಂಭೀರವಾಗಿ ಹೇಳಿ ಮೊಸರು ಬಡಿಸಿಕೊಂಡೆ.

ಮೆಲಿಶಾಳ ಹುಟ್ಟುಹಬ್ಬಕ್ಕೆ ನನ್ನ ಮ್ಯಾನೇಜರ್ ಆಲ್ಬನ್ ಸರ್ ಕುಟುಂಬ ಸಮೇತ ಬಂದರು. ನಮ್ಮ ಕಡೆಯವರೇ, ಇಲ್ಲಿನ ನಮ್ಮ ಊರವರ ಸಂಘದ ಅಧ್ಯಕ್ಷರು ಕೂಡ. ಆಗ ಕಂಪೆನಿ ಜನ ಕಡಿಮೆ ಮಾಡುತ್ತದೆ ಎಂಬ ಸುದ್ದಿ ಓಡಾಡುತ್ತಿತ್ತು. ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಣ ಹತ್ತಿರ ಬಂದವರೆಲ್ಲ ಅವರ ಮುಖ ನೋಡುತ್ತಿದ್ದೆವು. ಅವರು ನಕ್ಕರೆ ನಿದ್ರೆ ಬರುತ್ತಿತ್ತು. ಅವರ ಮಗ ಆಲ್ಬಮ್ ನೋಡಿದ. ಊಟಕ್ಕೆ ಕರೆದರೂ ಬಿಡಲಿಲ್ಲ. ಆಲ್ಬನ್ ಸರ್ ಹೇಳಿದ್ದು ಇಷ್ಟೆ:

“ಇವನಿಗೂ ಇದೇ ಹುಚ್ಚು ವಲೇರಿಯನ್. ಇಂಥದ್ದು ಇಲ್ಲಿ ಎಲ್ಲೂ ಸಿಗೂದಿಲ್ಲ.”

ಅವರು ಕೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು — ಅವರು ಕೇಳಲೇ ಇಲ್ಲ. ಬೆದರಿಸಲಿಲ್ಲ, ಸೂಚನೆಯನ್ನೂ ಕೊಡಲಿಲ್ಲ. ನನ್ನ ಬೆನ್ನು ತಾನಾಗಿಯೇ ಬಾಗಿತು. ಒಂದು ಶುಕ್ರವಾರ ಹೆಂಡತಿ, ಮಗಳು ಸಂಘದ ಕಾರ್ಯಕ್ರಮದ ತಾಲೀಮಿಗೆ ಹೋಗಿದ್ದಾಗ ನಾನು ಆ ಕೋಣೆಗೆ ಹೋದೆ. ಶನಿವಾರ ಬೆಳಿಗ್ಗೆ ಆಲ್ಬಮ್ ಅವರ ಮೇಜಿನ ಮೇಲಿತ್ತು. “ಮಗಳಿಗೆ ಬೇಜಾರಾಗೂದಿಲ್ವಾ?” ಎಂದು ಅವರು ಕೇಳಿದರು. ಕೇಳಿದ್ದರು ಪ್ರತೀಕ್ಷಾ, ಆ ಮನುಷ್ಯ ಕೇಳಿದ್ದರು. ಅವಳಿಗೆ ಈಗ ಅದರಲ್ಲಿ ಆಸಕ್ತಿ ಇಲ್ಲ ಸರ್ ಎಂದೆ.

ಕೆಲವು ವರ್ಷಗಳ ನಂತರ ಒಂದು ಪಾರ್ಟಿಯಲ್ಲಿ ಅದೇ ಆಲ್ಬನ್ ಸರ್, ಆಗ ನಿನ್ನ ಕೆಲಸಕ್ಕೇನೂ ಅಪಾಯವಿರಲಿಲ್ಲ ಮಾರಾಯ, ನೀನು ಯಾಕೆ ಅಷ್ಟು ಹೆದರಿದ್ದೆ ಎಂದು ಬೆನ್ನು ತಟ್ಟಿದರು. ನಾನೂ ನಕ್ಕೆ. ಇಂಥ ಕಡೆ ನಗುವುದನ್ನು ಬೇಗ ಕಲಿಯುತ್ತೇವೆ.

ಆಲ್ಬಮ್ ಇಲ್ಲದ್ದು ಎರಡು ಮೂರು ದಿನದ ಮೇಲೆ ಮೆಲಿಶಾಳಿಗೆ ಗೊತ್ತಾಯಿತು. ಮನೆಯೆಲ್ಲ ಹುಡುಕಿದಳು. ನಾನೂ ಹುಡುಕಿದೆ — ಮಂಚದ ಕೆಳಗೆ ಬಗ್ಗಿ ನೋಡಿದೆ, ಸೂಟ್‌ಕೇಸುಗಳನ್ನು ಇಳಿಸಿದೆ. ಅವಳು ಅತ್ತಾಗ ಸಮಾಧಾನ ಮಾಡಿದೆ. ನಿಜ ಹೇಳಲು ಆಗಲೂ ಸಮಯವಿತ್ತು. ಮಗಳ ಸಿಟ್ಟು ಒಂದು ವಾರ ಇರುತ್ತಿತ್ತು, ಹೆಂಡತಿಯ ತಾತ್ಸಾರ ಸ್ವಲ್ಪ ಹೆಚ್ಚು ಕಾಲ, ಅಷ್ಟೇ ತಾನೆ. ಆದರೆ ಜೂಲಿಯಾನಾ ಯೋಚಿಸುತ್ತ, ಕಳೆದ ವಾರ ಆ ಕೋಣೆಗೆ ಯಾರು ಯಾರು ಹೋಗಿದ್ದಾರೆ ಎಂದು ಕೇಳಿದಳು. ಗುರುವಾರ ನೀನು ಬಂದಿದ್ದೆ. ಮೆಲಿಶಾ ಸ್ನಾನ ಮುಗಿಸುವವರೆಗೆ ಒಬ್ಬಳೇ ಅಲ್ಲಿ ಕುಳಿತಿದ್ದೆ.

ಆಗ ನಾನು ಹೇಳಿದೆ:

“ಆ ಹುಡುಗಿ ಹೋಗುವಾಗ ಕೈಯಲ್ಲಿ ಎಂತದೋ ಚೀಲ ಇತ್ತು.”

ಚೀಲ ಇದ್ದದ್ದು ಹೌದು. ಅದರಲ್ಲಿ ನಿನ್ನ ಪಿ.ಟಿ. ಬೂಟು ಇತ್ತು. ಬಾಗಿಲು ತೆರೆದುಕೊಟ್ಟವನು ನಾನೇ, ಬೂಟಿನ ಲೇಸು ಹೊರಗೆ ಜೋತಾಡುತ್ತಿತ್ತು. ಅದೂ ನನಗೆ ನೆನಪಿತ್ತು. ಪೂರ್ತಿ ಸುಳ್ಳನ್ನು ಹೇಳಿದ್ದರೆ ಎಲ್ಲಾದರೂ ಸಿಕ್ಕಿಬೀಳುತ್ತಿದ್ದೆನೋ ಏನೋ — ನಿಜದ ತುಂಡೊಂದನ್ನು ಆರಿಸಿ ಹೇಳುವಷ್ಟು ನಾನು ಜಾಣ.

ಮುಂದಿನದನ್ನು ಜೂಲಿಯಾನಾಳ ಮೇಲೆ ಹಾಕುವುದಿಲ್ಲ. ಅವಳು ಶೈಲಜಾಳನ್ನು ಮೆಲ್ಲಗೆ ಕೇಳಿದಳು. ಮಕ್ಕಳು ಆಸೆಗೆ ತೆಗೆದುಕೊಂಡಿರುತ್ತಾರೆ, ಬೈಯಬೇಡಿ, ವಾಪಸು ಕೊಟ್ಟರೆ ಸಾಕು ಎಂದಳು. ಅದಕ್ಕಿಂತ ಬೈದಿದ್ದರೇ ಚೆನ್ನಾಗಿತ್ತು. ಮಾತು ಮೆಟ್ಟಿಲಿಳಿದು ಸಂಘಕ್ಕೆ ಹೋಯಿತು. ನಮ್ಮ ಸಂಘದ ಹೆಂಗಸರು ಗಂಡಸರು ಎಲ್ಲರೂ ಓದಿದವರು, ಬ್ಯಾಂಕು, ಆಸ್ಪತ್ರೆ, ಹೋಟೆಲುಗಳಲ್ಲಿ ಒಳ್ಳೆಯ ಕೆಲಸದವರು. ನೃತ್ಯದ ಗುಂಪಿನಿಂದ ನಿನ್ನನ್ನು ಬಿಟ್ಟರು — ಹುಡುಗಿಯರು ಜಾಸ್ತಿಯಾದರು ಎಂದು ಕಾರಣ. ನೀನು ಹತ್ತಿರ ಹೋದಾಗ ಒಬ್ಬಾಕೆ ಕುರ್ಚಿಯ ಮೇಲಿದ್ದ ತನ್ನ ಪರ್ಸನ್ನು ಮಡಿಲಿಗೆ ಎತ್ತಿಕೊಂಡಳು. ನಾನು ಎದುರೇ ಇದ್ದೆ, ಕೈಯಲ್ಲಿ ಚಹಾದ ಕಪ್ಪು. ನೀನು ಆ ಪರ್ಸನ್ನು ನೋಡಿದ್ದನ್ನು ನಾನು ನೋಡಿದೆ. ಚಹಾ ಪೂರ್ತಿ ಕುಡಿದೆ.

ಆ ಸಂಜೆಯೇ ಉಮೇಶ ನಿನ್ನನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಪೊರ್ಬುಗಳೇ ಎನ್ನಲಿಲ್ಲ. ತೆಗೆದುಕೊಂಡಿದ್ದರೆ ಇಲ್ಲೇ ಹೇಳು ಎಂದು ನಿನಗೆ ಹೇಳಿದ. ನೀನು ಅಳುತ್ತಿರಲಿಲ್ಲ. ನಿನ್ನ ಮುಖದಲ್ಲಿ ಇದ್ದದ್ದು ಸಿಟ್ಟು — ಕೆಂಪಾದ, ನೇರವಾದ ಸಿಟ್ಟು, ಸತ್ಯ ಹೇಳುವವರಿಗೆ ಮಾತ್ರ ಇರುವಂಥದ್ದು. ನಾನು ತೆಗೆದಿಲ್ಲ ಎಂದೆ ನೀನು. ಆಮೇಲೆ ಎಲ್ಲರನ್ನೂ ಬಿಟ್ಟು ನನ್ನ ಕಡೆ ತಿರುಗಿದೆ. ನೀವು ಮಕ್ಕಳು ನಮಗೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಿರಿ. ಅವತ್ತು ನಿನ್ನಪ್ಪನಿಗೂ ಅರ್ಥವಾಗಲಿ ಎಂದೋ ಏನೋ, ತಡವರಿಸುತ್ತ ಕನ್ನಡದಲ್ಲಿ ಹೇಳಿದೆ:

“ಅಂಕಲ್, ನೀವು ನೋಡಿದ್ರಲ್ಲ. ನನ್ನ ಬ್ಯಾಗಲ್ಲಿ ಶೂ ಇತ್ತಲ್ಲ. ನೀವು ಹೇಳಿ.”

ನನ್ನನ್ನು ನೀನು ಸಾಕ್ಷಿಗೆ ಕರೆದೆ. ಲೋಕದಲ್ಲಿ ನಿನಗಿದ್ದ ಒಬ್ಬನೇ ಸಾಕ್ಷಿ ನಾನು.

“ನಾನು ಸರಿಯಾಗಿ ನೋಡಿಲ್ಲ,” ಎಂದೆ.

ಉಮೇಶ ನಿನ್ನ ಕೆನ್ನೆಗೆ ಹೊಡೆದ. ಅಲ್ಲೇ, ನಮ್ಮ ಹೊಸ್ತಿಲ ಮೇಲೆ. ಜೀವಮಾನದಲ್ಲಿ ಮೊದಲ ಸಲ ಮಗಳ ಮೇಲೆ ಕೈಮಾಡಿದ ಎಂದು ಆಮೇಲೆ ತಿಳಿಯಿತು. ನಾನು ಬಾಗಿಲು ಹಾಕಿದೆ.

ಪರೀಕ್ಷೆ ಮುಗಿದದ್ದೇ ಶೈಲಜಾ ನಿನ್ನನ್ನು ಕರೆದುಕೊಂಡು ಊರಿಗೆ ಹೋದಳು. ಉಡುಪಿಯ ಶಾಲೆಗೆ ಸೇರಿಸಿದರಂತೆ. ಉಮೇಶ ಫ್ಲ್ಯಾಟ್ ಬಿಟ್ಟು ರಾಯ್‌ಗೆ ಹತ್ತಿರ ಬ್ಯಾಚುಲರ್ ಕೋಣೆಯೊಂದರಲ್ಲಿ ನಾಲ್ಕು ಜನರೊಂದಿಗೆ ಇರತೊಡಗಿದ. ಸಂಘಕ್ಕೆ ಮತ್ತೆ ಬರಲಿಲ್ಲ. ಒಂದು ಸಂಸಾರ ಎರಡು ದೇಶಗಳಲ್ಲಿ ಹರಿದುಹೋಯಿತು. ಬಹಳ ಜನ ಹೇಳಿದರು — ಗಲ್ಫಿನಲ್ಲಿ ಇದೆಲ್ಲ ಸಾಮಾನ್ಯ, ಮಕ್ಕಳ ವಿದ್ಯಾಭ್ಯಾಸಕ್ಕೆ ಊರೇ ಒಳ್ಳೆಯದು.

ನಾನು ಇಗರ್ಜಿಗೆ ಹೋಗುವವನು. ಪಾಪನಿವೇದನೆ ಮಾಡುವವನು. ಪ್ರತಿ ಈಸ್ಟರಿಗೆ ಮೊದಲು ಮೊಣಕಾಲೂರಿ, ಸುಳ್ಳು ಹೇಳಿದ್ದೇನೆ ಫಾದರ್ ಎಂದು ಹೇಳಿದ್ದೇನೆ. ಯಾವ ಸುಳ್ಳು ಎಂದು ಹೇಳಲಿಲ್ಲ. ಯಾರ ಮೇಲೆ ಎಂದು ಹೇಳಲಿಲ್ಲ. ಪ್ರಾರ್ಥನೆ ಹೇಳಲು ತಿಳಿಸಿದರು, ಹೇಳಿದೆ, ಹೊರಗೆ ಬಂದು ಶವರ್ಮಾ ತಿಂದೆ. ದೇವರ ಎದುರಿಗೂ ಅದೇ ಚಾಲಾಕಿ — ನಿಜದ ತುಂಡೊಂದನ್ನು ಆರಿಸಿ ಕೊಡುವುದು. ಅಷ್ಟು ಅಗ್ಗವಾಗಿ ಬಿಡುಗಡೆ ಪಡೆದು ಮನೆಗೆ ನಡೆದ ಆ ಮನುಷ್ಯನನ್ನು ಈಗ ಎದುರಿಗೆ ಕಂಡರೆ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದೆ: ಬರೀ ರಟ್ಟಿನ ಕಾರ್ಡು, ಮಕ್ಕಳ ವಿಷಯ ಎನ್ನುತ್ತೀಯಲ್ಲ — ನಿನ್ನ ನೌಕರಿ ಉಳಿಸಿಕೊಳ್ಳಲು ಬೇಕಾದಾಗ ಅದು ರಟ್ಟು ಆಗಿರಲಿಲ್ಲವಲ್ಲ?

ಈ ವರ್ಷ ನನ್ನ ನಿವೃತ್ತಿ. ಇನ್ನು ಸ್ವಲ್ಪ ದಿನದಲ್ಲಿ ಈ ದೇಶ ಬಿಟ್ಟು ಹೋಗುತ್ತೇನೆ. ಸಂಘದವರು ತಮ್ಮ ಸ್ಮರಣ ಸಂಚಿಕೆಗೆ ಲೇಖನ ಕೇಳಿದರು. ಹಿರಿಯರು ನೀವು, ಕುವೈತಿನ ಸಿಹಿ ನೆನಪು ಬರೆಯಿರಿ ಎಂದರು. ಬರೆಯಲು ಕುಳಿತಾಗಲೆಲ್ಲ ಬೂಟಿನ ಲೇಸು ಕಣ್ಣ ಮುಂದೆ ಬರುತ್ತಿತ್ತು. ಕೊನೆಗೆ ಮೊದಲು ಮಗಳಿಗೆ ಹೇಳಬೇಕು ಎಂದು ನಿರ್ಧರಿಸಿದೆ.

ಮೆಲಿಶಾ ಈಗ ಮಸ್ಕತ್‌ನಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ರಜೆಯಲ್ಲಿ ಬಂದಿದ್ದಳು. ಬೆಳಗಿನ ತಿಂಡಿಯ ಹೊತ್ತಿಗೆ, ಜೂಲಿಯಾನಾಳೂ ಇದ್ದಾಗ, ಹೇಳಿದೆ. ಜೂಲಿಯಾನಾ ಎದ್ದು ಅಡುಗೆಮನೆಗೆ ಹೋದಳು. ಆ ದಿನ ಮಾತಾಡಲಿಲ್ಲ, ಈಗಲೂ ಅಗತ್ಯವಿದ್ದಷ್ಟು ಮಾತ್ರ ಮಾತಾಡುತ್ತಾಳೆ. ಮೆಲಿಶಾ ಮಾತ್ರ ಕುಳಿತೇ ಇದ್ದಳು. ಬ್ರೆಡ್ಡಿನ ಅಂಚನ್ನು ಚೂರು ಮಾಡುತ್ತ ಹೇಳಿದಳು:

“ನಂಗೆ ಗೊತ್ತಿತ್ತು ಪಪ್ಪಾ.”

ಆಲ್ಬಮ್ ಹೋದ ವರ್ಷವೇ ಆಲ್ಬನ್ ಸರ್ ಮನೆಯಲ್ಲಿ ಯಾವುದೋ ಔತಣ. ಅವರ ಮಗ ಹೆಮ್ಮೆಯಿಂದ ಆಲ್ಬಮ್ ತೋರಿಸಿದ್ದಾನೆ. ಇವಳು ಮೊದಲ ಹಾಳೆ ತಿರುಗಿಸಿ ಆ ಹೂವನ್ನು ನೋಡಿದ್ದಾಳೆ. ಯಾರು ಕೊಟ್ಟದ್ದು ಎಂದು ಕೇಳಿದ್ದಾಳೆ, ನಿನ್ನ ಪಪ್ಪ ಎಂದು ಅವನು ಹೇಳಿದ್ದಾನೆ. ಮುಚ್ಚಿ ವಾಪಸು ಕೊಟ್ಟು, ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತು ಕೇಕ್ ತಿಂದಿದ್ದಾಳೆ. ಆ ಹೊತ್ತಿಗೆ ನೀನು ಊರಿಗೆ ಹೋಗಿಯಾಗಿತ್ತು. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಎಲ್ಲರೂ ನನ್ನನ್ನು ಕಳ್ಳ ಎನ್ನುತ್ತಾರೆ, ಅದಕ್ಕೆಲ್ಲ ತಾನೇ ಕಾರಣಳಾಗುತ್ತೇನೆ ಎಂದು ಆ ಮಗು ಲೆಕ್ಕ ಹಾಕಿತ್ತು. ನಿನ್ನಿಂದ ಬಂದ ಫೋನ್ ಕರೆಗಳನ್ನು ತೆಗೆಯಲಿಲ್ಲವಂತೆ. ಏನು ಮಾತಾಡಬೇಕು ಎಂದು ಗೊತ್ತಿರಲಿಲ್ಲವಂತೆ.

“ಅವಳ ಹತ್ರ ನಾನೂ ಸುಳ್ಳುಗಾರ್ತಿಯೇ ಆದೆ,” ಎಂದಳು. “ನೀವು ಈಗ ಹೇಳಿದ್ರಿ. ನಾನು ಯಾರಿಗೆ ಹೇಳ್ಲಿ?”

ನನ್ನ ಮೇಲೆ ನನಗೆ ಸಿಟ್ಟು ಇತ್ತು ಎಂದೆನಲ್ಲ — ಅಲ್ಲಿಯವರೆಗಿನದು ಏನೂ ಅಲ್ಲ. ನಿನ್ನನ್ನು ಕಳ್ಳಿ ಮಾಡಿದವನು, ನನ್ನ ಸ್ವಂತ ಮಗಳನ್ನು ಆ ಕಳ್ಳತನದ ಪಾಲುದಾರಳನ್ನಾಗಿ ಮಾಡಿದ್ದೆ. ಅವಳು ಯಾಕೆ ಯಾರನ್ನೂ ಮನೆಗೆ ಕರೆಯುವುದಿಲ್ಲ, ಯಾಕೆ ಗೆಳತಿಯರೇ ಇಲ್ಲ ಎಂದು ನಾವು ಗಂಡಹೆಂಡತಿ ಎಷ್ಟೋ ಸಲ ಮಾತಾಡಿಕೊಂಡಿದ್ದೆವು. ಈಗಿನ ಮಕ್ಕಳೇ ಹೀಗೆ ಎಂದು ನಾನು ತೀರ್ಪು ಕೊಟ್ಟಿದ್ದೆ.

ಮಾರನೆಯ ದಿನವೇ ರಾಯ್‌ಗೆ ಹೋದೆ. ಉಮೇಶ ಈಗ ಅಲ್ಲಿಯೇ ಒಂದು ಬಿಡಿಭಾಗಗಳ ಅಂಗಡಿ ನೋಡಿಕೊಳ್ಳುತ್ತಾನೆ. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ಗಿರಾಕಿಗೆ ಹಾಕುವ ಹಾಗೆ ಕುರ್ಚಿ ಹಾಕಿದ. ನಿಂತೇ ಹೇಳಿದೆ. ಚೀಲ, ಬೂಟು, ಆಲ್ಬನ್ ಸರ್, ಎಲ್ಲ. ಒಬ್ಬ ಬಾಂಗ್ಲಾದವನು ಬಂದು ಯಾವುದೋ ಬೆಲ್ಟ್ ಕೇಳಿದ. ಉಮೇಶ ಎದ್ದು, ಹುಡುಕಿ, ಕೊಟ್ಟು, ಬಂದು ಕುಳಿತ. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವನು ಕೈ ಎತ್ತಿ ತಡೆದ.

“ಸುಳ್ಳು ಹೇಳಿದ್ದು ನೀವು. ಆದ್ರೆ ಪೆಟ್ಟು ಕೊಟ್ಟದ್ದು ನಾನು. ನನ್ನ ಮಗಳ ಮಾತು ಬಿಟ್ಟು ನಿಮ್ಮ ಮಾತು ನಂಬಿದ್ದು ನಾನು. ಅದನ್ನು ನೀವು ಬಂದು ತೆಗೊಂಡು ಹೋಗ್ಲಿಕ್ಕೆ ಆಗೂದಿಲ್ಲ.”

ಆಮೇಲೆ ನಿನ್ನ ಬಗ್ಗೆ ಹೇಳಿದ, ನಾನು ಕೇಳದೆಯೇ. ಮಂಗಳೂರಿನಲ್ಲಿ ಶಾಲೆಯ ಶಿಕ್ಷಕಿಯಂತೆ. ನಿನ್ನ ತರಗತಿಯಲ್ಲಿ ಪೆನ್ನೋ ಟಿಫಿನ್ನೋ ಕಳೆದರೆ ಯಾವ ಮಗುವಿನ ಚೀಲವನ್ನೂ ತೆರೆದು ನೋಡಲು ಬಿಡುವುದಿಲ್ಲವಂತೆ. ಅದಕ್ಕಾಗಿ ಮುಖ್ಯೋಪಾಧ್ಯಾಯರೊಂದಿಗೆ ಒಮ್ಮೆ ಜಗಳವೂ ಆಗಿದೆಯಂತೆ. ಅಪ್ಪನ ಹತ್ತಿರ ಮಾತಾಡುತ್ತೀ, ಚೆನ್ನಾಗಿಯೇ ಮಾತಾಡುತ್ತೀ, ಆದರೆ ಊರಿಗೆ ಹೋದಾಗ ಅವನು ತಲೆ ಸವರಲು ಕೈ ಎತ್ತಿದರೆ ಈಗಲೂ ಅರೆಗಳಿಗೆ ನಿನ್ನ ಮುಖ ಹಿಂದೆ ಸರಿಯುತ್ತದಂತೆ. ಇದನ್ನು ಹೇಳುವಾಗ ಉಮೇಶ ನನ್ನನ್ನು ನೋಡುತ್ತಿರಲಿಲ್ಲ, ತನ್ನ ಅಂಗೈ ನೋಡುತ್ತಿದ್ದ.

ನಿನ್ನ ಜೊತೆ ಒಮ್ಮೆ ಮಾತಾಡಬಹುದೇ ಎಂದು ನಾನು ಕೇಳಿದ್ದಕ್ಕೆ, ನಿನ್ನ ಹತ್ತಿರ ಕೇಳಿ ತಿಳಿಸುತ್ತೇನೆ ಎಂದ. ನಾಲ್ಕೈದು ದಿನಗಳ ಮೇಲೆ ಅವನೇ ಫೋನ್ ಮಾಡಿದ. ನಿನಗೆ ನನ್ನ ಜೊತೆ ಮಾತಾಡಲು ಇಷ್ಟವಿಲ್ಲ ಎಂದ. ಸರಿಯಾದದ್ದೇ. ಮೆಲಿಶಾಳ ನಂಬರು ಮಾತ್ರ ಕೇಳಿದ್ದೀ. ಕೊಟ್ಟಿದ್ದೇನೆ. ನೀವಿಬ್ಬರು ಮಾತಾಡಿದಿರೋ ಇಲ್ಲವೋ ನಾನು ಕೇಳಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಇನ್ನೊಂದು ಮಾತನ್ನೂ ನೀನು ಹೇಳಿಕಳಿಸಿದ್ದೆ — ಆ ಸುಳ್ಳು ಎಲ್ಲಿ ಹಬ್ಬಿತೋ ಅಲ್ಲೇ ನಿಜ ಬರೆಯಬೇಕು. ಆದ್ದರಿಂದ ಸಂಘದವರು ಕೇಳಿದ ಸಿಹಿ ನೆನಪಿನ ಜಾಗದಲ್ಲಿ ಇದನ್ನು ಕೊಟ್ಟಿದ್ದೇನೆ.

ಕೊಟ್ಟ ಮೇಲೆ ನಡೆದದ್ದನ್ನೂ ಸೇರಿಸುತ್ತೇನೆ. ಸಂಚಿಕೆಯ ಸಂಪಾದಕ ಒಳ್ಳೆಯ ಹುಡುಗ, ನಿನ್ನ ವಯಸ್ಸಿನವನು. ಓದಿ ಬಹಳ ಮುಜುಗರಪಟ್ಟುಕೊಂಡು ಮನೆಗೆ ಬಂದ. ಹಳೆಯ ವಿಷಯ, ಚಿಕ್ಕ ವಿಷಯ, ಆಲ್ಬನ್ ಸರ್ ತೀರಿಕೊಂಡಿದ್ದಾರೆ, ಜಾಹೀರಾತು ಕೊಟ್ಟವರೆಲ್ಲ ಓದುತ್ತಾರೆ, ನಿಮ್ಮ ಬೀಳ್ಕೊಡುಗೆ ಬೇರೆ ಇದೆ ಎಂದೆಲ್ಲ ಹೇಳಿದ. ಅಂದು ನೃತ್ಯದ ಗುಂಪಿನಿಂದ ಒಂದು ಮಗುವನ್ನು ಹೊರಹಾಕುವಾಗ ಯಾರಿಗೂ ಅದು ಚಿಕ್ಕ ವಿಷಯ ಅನ್ನಿಸಿರಲಿಲ್ಲ, ಈಗ ಹೇಗೆ ಚಿಕ್ಕದಾಯಿತು ಎಂದು ಕೇಳಿದೆ. ಅವನು ಕೊನೆಯ ದಾರಿ ಎಂಬಂತೆ, “ಹಾಗಾದ್ರೆ ಆ ಹುಡುಗಿಯ ಹೆಸರಾದ್ರೂ ಬದಲಾಯಿಸುವಾ ಅಂಕಲ್,” ಎಂದ.

ಬೇಡ ಎಂದೆ. ಅವಳ ಹೆಸರು ಹಾಕಿಯೇ ಅಚ್ಚು ಮಾಡಬೇಕು, ಅದು ಅವಳೇ ಕೇಳಿದ್ದು. ಕಳ್ಳಿ ಎಂದು ಆಡಿಕೊಂಡಾಗ ಯಾರೂ ಹೆಸರು ಬದಲಾಯಿಸಿ ಆಡಿಕೊಂಡಿರಲಿಲ್ಲ.